ಕಾಯಿಯೊಳಗಿನ ಕೊಲೆ, ಕಲ್ಲಿನ ಕೈಯ ತೆನೆ

ಒಂದು ಪುಟ್ಟ ಕೋಣೆ. ಒಳಗೆ ಒಡಹುಟ್ಟಿದವರು ಮೂರು-ನಾಲ್ಕು ಮಂದಿ. ಬಾಗಿಲಿಲ್ಲ, ಕಿಟಕಿಯಿಲ್ಲ. ಕೆಲವು ವಾರಗಳ ನಂತರ ಕೋಣೆಯನ್ನು ಒಡೆದು ನೋಡಿದರೆ ಒಬ್ಬ ಮಾತ್ರ ದಷ್ಟಪುಷ್ಟವಾಗಿ ಬೆಳೆದು ಕುಳಿತಿದ್ದಾನೆ. ಉಳಿದವರೆಲ್ಲ ಮುರುಟಿ ಸತ್ತಿದ್ದಾರೆ. ಹೊರಗಿನಿಂದ ಯಾರೂ ಬಂದ ಗುರುತಿಲ್ಲ. ಹಾಗಾದರೆ ಕೊಂದವರು ಯಾರು?

ಪತ್ತೇದಾರಿ ಕಾದಂಬರಿಯ ಮೊದಲ ಪುಟದಂತಿರುವ ಈ ಪ್ರಕರಣಕ್ಕೆ ಲಂಡನ್ನಿನ ಬೀದಿಯಾಗಲಿ ಬೆಂಗಳೂರಿನ ಬಂಗಲೆಯಾಗಲಿ ಬೇಕಿಲ್ಲ. ಯಲ್ಲಾಪುರದ ಕಾಡಿನಲ್ಲಿ ಬೀಟೆ ಮರದ ಕೆಳಗೆ ಒಣಗಿ ಬಿದ್ದ ಚಪ್ಪಟೆ ಕಾಯಿಗಳನ್ನು ಆಯ್ದು ಬಿಸಿಲಿಗೆ ಹಿಡಿದು ನೋಡಿದರೆ ಸಾಕು. ಕಾಗದದಷ್ಟು ತೆಳುವಾದ ಕಾಯಿ. ಒಳಗೆ ಉಬ್ಬಿ ಕಾಣುವ ಬೀಜ ಒಂದು, ಹೆಚ್ಚೆಂದರೆ ಎರಡೋ ಮೂರೋ. ಬೀಟೆಯ ಹತ್ತಿರದ ನೆಂಟನಾದ ಶಿಸ್ಸೂ ಮರದಲ್ಲಂತೂ ಬಹುಪಾಲು ಕಾಯಿಗಳಲ್ಲಿ ಇರುವುದು ಒಂದೇ ಬೀಜ. ಹೂವಿನ ಅಂಡಾಶಯದಲ್ಲಿ ಮಾತ್ರ ಅಂಡಕಗಳು ಹಲವು. ಬೀಜವಾಗಬೇಕಾಗಿದ್ದ ಉಳಿದವು ಎಲ್ಲಿ ಹೋದವು?

ಈ ಪ್ರಶ್ನೆಯನ್ನು ಬೆನ್ನು ಹತ್ತಿದವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಇಬ್ಬರು ವಿಜ್ಞಾನಿಗಳು: ಕೆ.ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್. 1988ರಲ್ಲಿ ಅವರು ಪ್ರಕಟಿಸಿದ ಸಂಶೋಧನಾ ಲೇಖನದ ಶೀರ್ಷಿಕೆಯೇ ಒಂದು ಪತ್ತೇದಾರಿ ಪ್ರಶ್ನೆ. ಶಿಸ್ಸೂ ಕಾಯಿಯಲ್ಲಿ ಬೀಜಗಳು ಸಾಯುವುದು ತಾಯಿಮರದ ಹತೋಟಿಯಿಂದಲೋ, ಒಡಹುಟ್ಟಿದವರ ಪೈಪೋಟಿಯಿಂದಲೋ ಎಂಬುದು ಅದರ ಸಾರ.

ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಬೇಕಷ್ಟೆ. ಪರಾಗವೇ ಸಾಲದೆ ಅಂಡಕಗಳು ಬೀಜವಾಗಲಿಲ್ಲವೇ? ಹಾಗಿದ್ದರೆ ಇದು ಕೊಲೆಯೇ ಅಲ್ಲ, ಹುಟ್ಟೇ ಆಗಿಲ್ಲ. ತಾಯಿಮರ ಎಲ್ಲರಿಗೂ ಊಟ ಹಾಕಲಾರದೆ ಕೆಲವರನ್ನು ಕೈಬಿಟ್ಟಿತೇ? ಅಥವಾ ಒಳಗಿನ ಒಬ್ಬನೇ ಉಳಿದವರನ್ನು ಮುಗಿಸಿದನೇ? ಅವರ ತನಿಖೆ ಬೊಟ್ಟು ಮಾಡಿ ತೋರಿಸಿದ್ದು ಮೂರನೆಯವನನ್ನು. ಕಾಯಿಯ ತುದಿಯ ಕಡೆಗೆ, ಪರಾಗ ಬಂದಿಳಿಯುವ ಶಲಾಕಾಗ್ರಕ್ಕೆ ಹತ್ತಿರವಾಗಿರುವ ಅಂಡಕ ಮೊದಲು ನಿಷೇಚನಗೊಂಡು ಬೆಳೆಯತೊಡಗುತ್ತದೆ. ಅದರಿಂದ ಹರಡುವ ರಾಸಾಯನಿಕ ತಮ್ಮ-ತಂಗಿಯರ ಬೆಳವಣಿಗೆಯನ್ನು ಅಡಗಿಸಿಬಿಡುತ್ತದೆ. ಕೊಲೆಗೆ ಕಾರಣವೂ ಇದೆ. ಶಿಸ್ಸೂ ಕಾಯಿ ಗಾಳಿಯಲ್ಲಿ ತೇಲಿಹೋಗಿ ಬೀಳುವಂಥದು. ಒಂದೇ ಬೀಜವಿರುವ ಕಾಯಿ ಹಗುರ. ತಾಯಿಯ ನೆರಳಿನಿಂದ ಹೆಚ್ಚು ದೂರ ಹೋಗಿ ಬೀಳುತ್ತದೆ. ಹಗುರವಾದಷ್ಟೂ ಬದುಕುವ ಅವಕಾಶ ಹೆಚ್ಚು. ಅದೇ ವರ್ಷ ಗಣೇಶಯ್ಯ, ಉಮಾಶಂಕರ್ ಮತ್ತು ಕೆ.ಎಸ್. ಬಾವಾ ಸೇರಿ, ಸಸ್ಯಲೋಕದಲ್ಲಿ ತಾಯಿ-ಮಕ್ಕಳ ಹಿತಾಸಕ್ತಿಯ ತಿಕ್ಕಾಟ ಹೇಗೆ ನಡೆಯುತ್ತದೆಂದು ವಿವರವಾದ ಸಮೀಕ್ಷೆಯನ್ನೇ ಬರೆದರು.

ಇಷ್ಟೆಲ್ಲ ಹೇಳಲು ಕಾರಣವಿದೆ. ಕಾಯಿಯೊಳಗಿನ ಕೊಲೆಗಾರನನ್ನು ಹುಡುಕಿದ ಇದೇ ಗಣೇಶಯ್ಯನವರು ಮುಂದೆ ಕನ್ನಡದ ಬಹು ಜನಪ್ರಿಯ ರಹಸ್ಯ ಕಾದಂಬರಿಕಾರರಾದರು. 'ಕನಕ ಮುಸುಕು', 'ಕರಿಸಿರಿಯಾನ', 'ಕಪಿಲಿಪಿಸಾರ', 'ಚಿತಾದಂತ', 'ಏಳು ರೊಟ್ಟಿಗಳು', 'ಬಳ್ಳಿಕಾಳ ಬೆಳ್ಳಿ', 'ಶಿಲಾಕುಲ ವಲಸೆ' — ಹೆಸರುಗಳೇ ಒಗಟಿನಂತಿರುವ ಈ ಪುಸ್ತಕಗಳು ಕಾಲೇಜು ಹುಡುಗರ ಕೈಯಲ್ಲಿ, ಗ್ರಂಥಾಲಯಗಳಲ್ಲಿ, ರಾತ್ರಿ ಬಸ್ಸಿನ ಸೀಟುಗಳಲ್ಲಿ ಕಾಣಸಿಗುತ್ತವೆ.

ಪತ್ತೇದಾರಿಕೆಯ ಹಳೆಯ ದಾರಿ

ಕನ್ನಡಕ್ಕೆ ಪತ್ತೇದಾರಿ ಕಾದಂಬರಿ ಹೊಸದೇನಲ್ಲ. ಇಂದಿನ ವಿದ್ಯಾರ್ಥಿಗಳ ಅಜ್ಜ-ಅಜ್ಜಿಯರನ್ನು ಕೇಳಿದರೆ ಎನ್. ನರಸಿಂಹಯ್ಯನವರ ಹೆಸರು ಹೇಳಿಯಾರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ, ಹೊಟ್ಟೆಪಾಡಿಗೆ ಬಸ್ ಕಂಡಕ್ಟರ್ ಕೆಲಸವನ್ನೂ ಮಾಡಿದ ಅವರ ಮೊದಲ ಕಾದಂಬರಿ 'ಪತ್ತೇದಾರ ಪುರುಷೋತ್ತಮ' 1952ರಲ್ಲಿ ಬಂತು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರು ಆ ಕಾಲದ ಓದುಗರಿಗೆ ಮನೆಯವರಷ್ಟೇ ಪರಿಚಿತರು. ಪಠ್ಯಪುಸ್ತಕದ ನಡುವೆ ಆ ಪುಸ್ತಕ ಇಟ್ಟುಕೊಂಡು ಓದಿ ಅಪ್ಪನ ಕೈಗೆ ಸಿಕ್ಕಿಬಿದ್ದವರೇ ಇಂದು ಮೊಮ್ಮಕ್ಕಳಿಗೆ ಓದುವ ಹವ್ಯಾಸವಿಲ್ಲವೆಂದು ಗೊಣಗುತ್ತಿದ್ದಾರೆ! ನಾಲ್ಕನೆಯ ಇಯತ್ತೆ ಓದಿದ ಒಬ್ಬ ಮನುಷ್ಯ ಅಷ್ಟೊಂದು ಜನರಿಗೆ ಕನ್ನಡ ಓದಿಸಿದ್ದು ಸಣ್ಣ ಸಾಧನೆಯೇನಲ್ಲ. ವಿಮರ್ಶಕರು ಆ ಪುಸ್ತಕಗಳ ಕಡೆಗೆ ತಿರುಗಿ ನೋಡಿದ್ದು ಮಾತ್ರ ಕಡಿಮೆ.

ರಹಸ್ಯ ಕಥೆಗೂ ವಿಜ್ಞಾನಕ್ಕೂ ಇರುವ ನಂಟು ಕೂಡ ಹಳೆಯದೇ. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ವೈದ್ಯ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವಳು. 1920ರಲ್ಲಿ ಪ್ರಕಟವಾದ ಆಕೆಯ ಮೊದಲ ಕಾದಂಬರಿಯಲ್ಲಿ ಕೊಲೆ ನಡೆಯುವುದೇ ಸ್ಟ್ರಿಕ್ನಿನ್ ಎಂಬ ವಿಷದಿಂದ. ಔಷಧದ ಬಾಟಲಿಗೆ ಬ್ರೋಮೈಡ್ ಬೆರೆತಾಗ ವಿಷ ತಳಕ್ಕೆ ಇಳಿದು, ಕೊನೆಯ ಗುಟುಕಿನಲ್ಲಿ ಪ್ರಾಣ ತೆಗೆಯುತ್ತದೆ. ಕಾಸರ್ಕ ಮರ ನಮ್ಮ ಜಿಲ್ಲೆಯವರಿಗೆ ಗೊತ್ತು. ಸ್ಟ್ರಿಕ್ನಿನ್ ಇರುವುದು ಅದರ ಬೀಜದಲ್ಲಿಯೇ.

ಆದರೆ ಈ ಲೇಖಕರೆಲ್ಲ ವಿಜ್ಞಾನವನ್ನು ಬಳಸಿದ್ದು ಕೊಲೆಯ ಸಾಧನವಾಗಿ, ಇಲ್ಲವೇ ಕಳ್ಳನನ್ನು ಹಿಡಿಯುವ ಸಾಧನವಾಗಿ. ಗಣೇಶಯ್ಯನವರದು ಬೇರೆಯೇ ದಾರಿ. ಅವರ ಕಾದಂಬರಿಗಳಲ್ಲಿ ಕೊಲೆಗಳು ನಡೆಯುತ್ತವೆ, ಬೆನ್ನಟ್ಟುವಿಕೆಗಳಿವೆ, ಪೊಲೀಸರೂ ಇದ್ದಾರೆ. ಆದರೆ ಓದುಗನನ್ನು ಹಿಡಿದಿಡುವ ಗುಟ್ಟು ಬೇರೆ. ಅದು ಇತಿಹಾಸದಲ್ಲೋ ಪ್ರಕೃತಿಯಲ್ಲೋ ನಿಜವಾಗಿ ಇರುವ, ಇನ್ನೂ ಬಿಡಿಸದ ಅಥವಾ ಪೂರ್ತಿ ಬಿಡಿಸದ ಒಂದು ಗಂಟು. ಕಲ್ಪನೆ ಶುರುವಾಗುವುದೇ ಆ ಗಂಟಿನಿಂದ.

ಕಲ್ಲಿನಲ್ಲಿ ಗೋವಿನಜೋಳ!

ಅವರ ಮೊದಲ ಕಾದಂಬರಿ 'ಕನಕ ಮುಸುಕು' ಇದಕ್ಕೆ ಒಳ್ಳೆಯ ಉದಾಹರಣೆ. ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯವನ್ನು ಶಾಲಾ ಪ್ರವಾಸದಲ್ಲಿ ನೋಡಿದವರು ಬಹಳ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಯ ಹೊರಗೋಡೆಯ ಕೆಲವು ಮೂರ್ತಿಗಳ ಕೈಯಲ್ಲಿ ಒಂದು ವಸ್ತುವಿದೆ. ಉದ್ದುದ್ದನೆಯ ಆಕಾರ, ಮೈತುಂಬ ಸಾಲು ಸಾಲಾಗಿ ಜೋಡಿಸಿದ ಕಾಳುಗಳು. ಮುಂಡಗೋಡ, ಹಳಿಯಾಳದ ಕಡೆಯ ಯಾವ ಹುಡುಗನಿಗೆ ತೋರಿಸಿದರೂ ಥಟ್ಟನೆ 'ಗೋವಿನಜೋಳದ ತೆನೆ' ಎಂದುಬಿಟ್ಟಾನು.

ತೊಡಕು ಇರುವುದು ಅಲ್ಲಿಯೇ. ಗೋವಿನಜೋಳ ಅಥವಾ ಮುಸುಕಿನಜೋಳದ ತವರು ಮೆಕ್ಸಿಕೊ. ಅಲ್ಲಿಯ ಜನ ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಟಿಯೋಸಿಂಟೆ ಎಂಬ ಕಾಡುಹುಲ್ಲಿನಿಂದ ಅದನ್ನು ಪಳಗಿಸಿದರು. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ. ಅದಾದ ಮೇಲೆಯೇ ಜೋಳ ಸಮುದ್ರ ದಾಟಿ ನಮ್ಮ ಕಡೆಗೆ ಬಂತೆಂಬುದು ಪುಸ್ತಕಗಳ ಮಾತು. ಹಾಗಾದರೆ ಕೊಲಂಬಸನಿಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಕಾವೇರಿ ದಡದ ಶಿಲ್ಪಿ ಕಾಣದ ತೆನೆಯನ್ನು ಕೆತ್ತಿದ್ದು ಹೇಗೆ?

ಇನ್ನೊಂದು ಮಾತು ಇಲ್ಲಿ ನೆನಪಿಡಬೇಕು. ಶಿಸ್ಸೂ ಕಾಯಿ ಗಾಳಿಯಲ್ಲಿ ಹಾರೀತು, ತೆಂಗಿನಕಾಯಿ ಸಮುದ್ರದಲ್ಲಿ ತೇಲೀತು. ಗೋವಿನಜೋಳಕ್ಕೆ ಮಾತ್ರ ತಾನಾಗಿ ಎಲ್ಲಿಗೂ ಹೋಗುವ ಶಕ್ತಿಯಿಲ್ಲ. ಕಾಳುಗಳು ದಿಂಡಿಗೆ ಕಚ್ಚಿಕೊಂಡಿರುತ್ತವೆ, ಮೇಲೆ ಮುಸುಕು ಬಿಗಿಯಾಗಿ ಹೊದ್ದಿರುತ್ತದೆ. ಮನುಷ್ಯ ಸುಲಿದು ಬಿತ್ತದಿದ್ದರೆ ಅದರ ವಂಶವೇ ನಿಂತುಹೋಗುತ್ತದೆ. ಆದ್ದರಿಂದ 1268ಕ್ಕೆ ಮೊದಲು ಜೋಳ ಇಲ್ಲಿಗೆ ಬಂದದ್ದು ನಿಜವಾದರೆ ಯಾರೋ ಹಡಗಿನಲ್ಲಿ ಹೊತ್ತು ತಂದಿರಲೇಬೇಕು. ಒಂದು ತೆನೆ ನಿಜವಾದರೆ ಜಗತ್ತಿನ ನೌಕಾಯಾನದ ಚರಿತ್ರೆಯನ್ನೇ ತಿದ್ದಬೇಕಾಗುತ್ತದೆ. ರಹಸ್ಯ ಕಾದಂಬರಿ ಬರೆಯುವವನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಇದು ಗಣೇಶಯ್ಯನವರ ಕಲ್ಪನೆಯಲ್ಲ, ವಿಜ್ಞಾನಿಗಳ ನಡುವೆ ನಿಜವಾಗಿ ನಡೆದ ಜಗಳ. ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸನ್ ಮತ್ತು ಸಂಗಡಿಗರಾದ ಆನ್ ಪಾರ್ಕರ್ 1989ರಲ್ಲಿ 'ಎಕನಾಮಿಕ್ ಬಾಟನಿ' ಪತ್ರಿಕೆಯಲ್ಲಿ ಬರೆದು, ಹೊಯ್ಸಳ ಗುಡಿಗಳಲ್ಲಿರುವುದು ಜೋಳದ ತೆನೆಯೇ, ಅದು ಕೊಲಂಬಸನಿಗೂ ಮೊದಲೇ ಇಲ್ಲಿಗೆ ಬಂದಿತ್ತು ಎಂದು ವಾದಿಸಿದರು. ಕಾಳಿನ ಸಾಲು, ತೆನೆಯ ಉದ್ದ-ಅಗಲದ ಪ್ರಮಾಣ, ಸುತ್ತಲಿನ ಮುಸುಕು ಎಲ್ಲವನ್ನೂ ಅಳೆದು ತೋರಿಸಿದರು. ನಾಲ್ಕು ವರ್ಷದ ನಂತರ, 1993ರಲ್ಲಿ, ಅದೇ ಪತ್ರಿಕೆಯಲ್ಲಿ ಭಾರತದ ಜೋಳತಜ್ಞರಾದ ಪಾಯಕ್ ಮತ್ತು ಸಚನ್ ಉತ್ತರ ಕೊಟ್ಟರು: ಅದು ಜೋಳವಲ್ಲ, ಮುತ್ತುಗಳಿಂದ ಮಾಡಿದಂತೆ ಕಲ್ಪಿಸಿಕೊಂಡ 'ಮುಕ್ತಾಫಲ'. ದೇವತೆಗಳ ಕೈಯಲ್ಲಿ ಹಣ್ಣು ಕೆತ್ತುವುದು ನಮ್ಮ ಶಿಲ್ಪಶಾಸ್ತ್ರಕ್ಕೆ ಹೊಸದೇನಲ್ಲ. ಮಾದಳದ ಹಣ್ಣು ಹಿಡಿದ ಮೂರ್ತಿಗಳು ಬೇಕಾದಷ್ಟಿವೆ. ಆಭರಣದಷ್ಟೇ ಸೂಕ್ಷ್ಮವಾಗಿ ಕುಸುರಿ ಮಾಡುವ ಹೊಯ್ಸಳ ಶಿಲ್ಪಿ ಹಣ್ಣಿಗೂ ಮುತ್ತು ಪೋಣಿಸಿದ್ದರೆ ಆಶ್ಚರ್ಯವೇನು?

ಕಾದಂಬರಿ ಈ ಜಗಳದ ಬೆನ್ನೇರಿ ಹೊರಡುತ್ತದೆ. ಶೀರ್ಷಿಕೆಯಲ್ಲಿರುವ 'ಮುಸುಕು' ಮುಸುಕಿನಜೋಳದ್ದೂ ಹೌದು, ಮುಚ್ಚಿಟ್ಟ ಗುಟ್ಟಿನದೂ ಹೌದು. ಕಥೆಯನ್ನು ಇಲ್ಲಿ ಹೇಳಿಬಿಟ್ಟರೆ ಓದುವವರ ಶಾಪ ತಟ್ಟೀತು.

ಕೊನೆಯ ಪುಟದ ಕಷ್ಟ

ವಿಜ್ಞಾನಿ ಮತ್ತು ಕಾದಂಬರಿಕಾರ ಬೇರೆಯಾಗುವುದು ಎಲ್ಲಿ? ಕೊನೆಯ ಪುಟದಲ್ಲಿ. ವಿಜ್ಞಾನಿ ಕಾಯಬಲ್ಲ. ಮಣ್ಣಿನ ಪದರದಲ್ಲಿ ಒಂದು ಸುಟ್ಟ ಜೋಳದ ಕಾಳು ಸಿಗಲಿ, ಅದರ ವಯಸ್ಸು ಅಳೆಯೋಣ, ಹಳೆಯ ಕೆರೆಯ ಕೆಸರಿನಲ್ಲಿ ಜೋಳದ ಪರಾಗ ಕಾಣಲಿ, ಆಮೇಲೆ ಮಾತಾಡೋಣ ಎಂದು ಆತ ಹೇಳಬಹುದು. ಸಿಗದಿದ್ದರೆ ಪ್ರಶ್ನೆಯನ್ನು ಹಾಗೇ ಬಿಟ್ಟು ಹೋಗಬಹುದು. ಕಾದಂಬರಿಕಾರನಿಗೆ ಆ ಸವಲತ್ತಿಲ್ಲ. ಮುನ್ನೂರು ಪುಟ ಓದಿದ ಓದುಗನಿಗೆ 'ಸಾಕ್ಷ್ಯ ಸಾಲದು' ಎಂದರೆ ಪುಸ್ತಕವನ್ನು ಮುಖಕ್ಕೆ ಎಸೆದಾನು! ಆದ್ದರಿಂದ ಸಾಕ್ಷ್ಯ ಮುಗಿದ ಕಡೆಯಿಂದ ಕಲ್ಪನೆಯ ಸೇತುವೆ ಕಟ್ಟಲೇಬೇಕು.

ಗಣೇಶಯ್ಯನವರು ಈ ಸೇತುವೆಯನ್ನು ಕದ್ದು ಕಟ್ಟುವುದಿಲ್ಲ ಎಂಬುದೇ ಅವರ ದೊಡ್ಡಗುಣ. ಕಾದಂಬರಿಯಲ್ಲಿ ಅಡಿಟಿಪ್ಪಣಿ ಹಾಕುವುದು, ಫೋಟೋ, ನಕ್ಷೆ ಕೊಡುವುದು, ಯಾವ ಪುಸ್ತಕ, ಯಾವ ಲೇಖನದಿಂದ ಮಾಹಿತಿ ಬಂತೆಂದು ತಿಳಿಸುವುದು ಅವರ ರೂಢಿ. ಮೊದಲು ಇದನ್ನು ಕಂಡವರು 'ಇದೇನು ಕಾದಂಬರಿಯೋ, ಪಿಎಚ್.ಡಿ. ಪ್ರಬಂಧವೋ' ಎಂದು ಹುಬ್ಬೇರಿಸುವುದು ಸಹಜ. ಪ್ರಯೋಗಶಾಲೆಯಲ್ಲಿ ಆಯುಷ್ಯ ಕಳೆದವರಿಗೆ ಆಧಾರವಿಲ್ಲದೆ ಒಂದು ವಾಕ್ಯ ಬರೆಯುವುದೂ ಕಷ್ಟವಿರಬೇಕು. 'ಕರಿಸಿರಿಯಾನ'ವನ್ನೇ ನೋಡಿ. 1565ರ ಯುದ್ಧದಲ್ಲಿ ಅಳಿಯ ರಾಮರಾಯ ಬಿದ್ದ ಮೇಲೆ ಅವನ ತಮ್ಮ ತಿರುಮಲ ವಿಜಯನಗರದ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಯ ಕಡೆಗೆ ಹೋದ ಸಂಗತಿ ಇತಿಹಾಸದಲ್ಲಿದೆ. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೆವೆಲ್ ಐನೂರೈವತ್ತು ಆನೆಗಳೆಂದು ಬರೆದಿದ್ದಾನೆ. ಕರಿ ಎಂದರೆ ಆನೆ, ಸಿರಿ ಎಂದರೆ ಸಂಪತ್ತು. ಅದರ ಯಾನವೇ ಕಾದಂಬರಿಯ ಹೆಸರು. ಅಷ್ಟು ಆನೆಗಳ ಹೊರೆ ಏನಾಯಿತು ಎಂಬಲ್ಲಿಂದ ಕಲ್ಪನೆಯ ಹಾದಿ.

ದೋಷಗಳಿಲ್ಲವೆಂದಲ್ಲ. ಅವರ ಪಾತ್ರಗಳು ಕೆಲವೊಮ್ಮೆ ಮನುಷ್ಯರಂತೆ ಮಾತಾಡದೆ ಉಪನ್ಯಾಸಕರಂತೆ ಮಾತಾಡುತ್ತವೆ. ಪ್ರಾಣ ಉಳಿಸಿಕೊಳ್ಳಲು ಓಡುತ್ತಿರುವವನು ನಡುವೆ ನಿಂತು ಶಾಸನದ ಕಾಲನಿರ್ಣಯ ವಿವರಿಸಿದರೆ ಓದುಗನಿಗೆ ನಗು ಬಂದೀತು. ಅಳು, ಪ್ರೀತಿ, ಸಂಕಟಗಳಿಗೆ ಅಲ್ಲಿ ಸಿಗುವ ಜಾಗ ಸ್ವಲ್ಪ. ಟಿ.ಕೆ. ರಾಮರಾಯರ ಕುತೂಹಲಕಾರಿ ಕಾದಂಬರಿಗಳಲ್ಲಿ ಮನುಷ್ಯರು ಜೀವಂತವಾಗಿದ್ದರು ಎಂದು ಹಿಂದಿನ ತಲೆಮಾರಿನ ಓದುಗರು ಹೇಳಿದರೆ ಆ ಮಾತನ್ನು ತಳ್ಳಿಹಾಕಲಾಗದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಪಾಲಕರದ್ದು ಮತ್ತು ಶಿಕ್ಷಕರದ್ದು. ಕಾದಂಬರಿ ಓದಿದ ಹುಡುಗ ಪರೀಕ್ಷೆಯಲ್ಲಿ 'ಹೊಯ್ಸಳರ ಕಾಲದಲ್ಲಿ ಗೋವಿನಜೋಳ ಬೆಳೆಯುತ್ತಿದ್ದರು' ಎಂದು ಬರೆದುಬಿಟ್ಟರೆ? ಇದು ಸುಳ್ಳು ಭಯವೇನಲ್ಲ. ಅಡಿಟಿಪ್ಪಣಿಯಿದೆ ಎಂದ ಮಾತ್ರಕ್ಕೆ ಪುಟದಲ್ಲಿರುವುದೆಲ್ಲ ನಿಜವೆಂದು ನಂಬುವ ವಯಸ್ಸು ಅದು. ಈಗಂತೂ ಮೊಬೈಲಿನಲ್ಲಿ ಬಂದ ಎರಡು ಸಾಲನ್ನೂ ಇತಿಹಾಸವೆಂದು ಹಂಚುವ ಕಾಲ. ಭಾರತದಲ್ಲಿ 1492ಕ್ಕೂ ಹಿಂದಿನದೆಂದು ಎಲ್ಲರೂ ಒಪ್ಪುವ ಒಂದೇ ಒಂದು ಜೋಳದ ಕಾಳು ಇದುವರೆಗೆ ಸಿಕ್ಕಿಲ್ಲ. ಆ ವಿಷಯದಲ್ಲಿ ಇಂದು ಹೆಚ್ಚಿನ ತಜ್ಞರು ನಿಂತಿರುವುದು ಪಾಯಕ್-ಸಚನ್ ಅವರ ಕಡೆಗೇ. ಹಾಗೆಂದು ಪುಸ್ತಕವನ್ನು ಕಿತ್ತುಕೊಳ್ಳುವುದು ಜಾಣತನವೇ? ಕಾದಂಬರಿ ಓದಿ ಮುಗಿಸಿದ ಹುಡುಗಿಗೆ ಎರಡು ಬಣ್ಣದ ಪೆನ್ಸಿಲ್ ಕೊಟ್ಟು, ಅಡಿಟಿಪ್ಪಣಿಯ ಆಧಾರವಿರುವ ಸಂಗತಿಗೆ ಒಂದು ಗೆರೆ, ಪಾತ್ರವೊಂದು ಊಹಿಸಿ ಹೇಳಿದ ಸಂಗತಿಗೆ ಇನ್ನೊಂದು ಗೆರೆ ಹಾಕೆಂದು ಹೇಳಿದರೆ, ವಿಜ್ಞಾನದ ಪಾಠದಲ್ಲಿ 'ವೀಕ್ಷಣೆ' ಮತ್ತು 'ಊಹನೆ' ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚು ಕಲಿತಾಳು. ಗ್ರಂಥಾಲಯದ ಪುಸ್ತಕವಾಗಿದ್ದರೆ ಗೆರೆಯನ್ನು ನೋಟ್‌ಬುಕ್ಕಿನಲ್ಲಿಯೇ ಹಾಕಲಿ!

ನಮ್ಮ ತೋಟದ ಬಳ್ಳಿ

ಉತ್ತರ ಕನ್ನಡದ ಓದುಗರಿಗೆ ಹತ್ತಿರವಾದದ್ದು 'ಬಳ್ಳಿಕಾಳ ಬೆಳ್ಳಿ'. ಬಳ್ಳಿಯ ಕಾಳು ಎಂದರೆ ಕಾಳುಮೆಣಸು. ಗೇರುಸೊಪ್ಪೆ-ಹಾಡುವಳ್ಳಿಯ ಜೈನ ರಾಣಿ ಚೆನ್ನಭೈರಾದೇವಿಯ ಸುತ್ತ ಹೆಣೆದ ಕಾದಂಬರಿ ಇದು. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದ ಈಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅವರೊಡನೆ ಸೆಣಸಿದವಳೂ ಈಕೆಯೇ, ವ್ಯಾಪಾರ ಮಾಡಿದವಳೂ ಈಕೆಯೇ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತಳು. ಅಷ್ಟು ಕಾಲ ಆಳಿದ ಹೆಣ್ಣಿಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಸಿಕ್ಕ ಸಾಲುಗಳೆಷ್ಟು ಎಂಬುದು ಬೇರೆಯೇ ರಹಸ್ಯ. ಇತ್ತೀಚೆಗೆ ಗಜಾನನ ಶರ್ಮರೂ ಆಕೆಯ ಹೆಸರಿನಲ್ಲಿಯೇ ದೊಡ್ಡ ಕಾದಂಬರಿ ಬರೆದದ್ದರಿಂದ ಈಗ ಮನೆಮನೆಯಲ್ಲಿ ಆಕೆಯ ಮಾತು ಕೇಳಿಬರುತ್ತಿದೆ.

ಘಟ್ಟದ ಮೇಲಿನ ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಇಂದಿಗೂ ಅಡಿಕೆ ಮರಕ್ಕೆ ಹಬ್ಬಿರುವ ಮೆಣಸಿನ ಬಳ್ಳಿ, ಮಲ್ಲಿಗೆಸರ, ಉದ್ದಗರೆ ಎಂಬ ತಳಿಗಳ ಹೆಸರು, ಕೊಯ್ಲಿನ ಕಾಲಕ್ಕೆ ಅಂಗಳದ ತುಂಬ ಹರಡಿದ ಕಾಳು, ಮಾಳಿಗೆಯಲ್ಲಿ ಕಟ್ಟಿಟ್ಟ ಬೋಳಕಾಳಿನ ಚೀಲ ಇವೆಲ್ಲ ದಿನಬಳಕೆಯ ಸಂಗತಿಗಳು. ಈ ಕಾಳಿಗಾಗಿಯೇ ಯುರೋಪಿನವರು ಆಫ್ರಿಕವನ್ನು ಸುತ್ತಿ ಬಂದು 1498ರಲ್ಲಿ ಕಲ್ಲಿಕೋಟೆಯಲ್ಲಿ ಇಳಿದರು. ಕೊಲಂಬಸ್ ಪಶ್ಚಿಮಕ್ಕೆ ಹಡಗು ಬಿಟ್ಟದ್ದೂ ಇದೇ ಆಸೆಯಿಂದ. ಮೆಣಸು ಸಿಗದೆ ಅಮೆರಿಕ ಸಿಕ್ಕಿತು.

ಅಲ್ಲಿಂದ ಬಂದ ಇನ್ನೊಂದು ವಸ್ತು ನಮ್ಮ ಅಡಿಗೆಮನೆಯ ಮಾತಿನಲ್ಲಿ ಸುಳಿವು ಬಿಟ್ಟುಹೋಗಿದೆ. ಹಿಂದೆ 'ಮೆಣಸು' ಎಂದರೆ ಈ ಕಪ್ಪು ಕಾಳು ಒಂದೇ. ಅಮೆರಿಕದಿಂದ ಖಾರದ ಕಾಯಿ ಬಂದಾಗ ಅದು ಹಳೆಯ ಹೆಸರನ್ನೇ ಕಡ ತೆಗೆದುಕೊಂಡು 'ಮೆಣಸಿನಕಾಯಿ' ಆಯಿತು. ಆಮೇಲೆ ಗೊಂದಲವಾಗದಿರಲೆಂದು ಮೂಲದ ಮೆಣಸೇ 'ಕಾಳುಮೆಣಸು' ಎಂದು ಬಾಲಂಗೋಚಿ ಹಚ್ಚಿಕೊಳ್ಳಬೇಕಾಯಿತು. ಗೋವಿನಜೋಳದ ಕಥೆಯೂ ಹೀಗೆಯೇ ಇದ್ದೀತೇ? ಅದಕ್ಕೆ ಸ್ವಂತ ಹೆಸರಿಲ್ಲ. ಮೊದಲೇ ಇದ್ದ ಜೋಳದ ಹೆಸರಿಗೆ 'ಮುಸುಕಿನ' ಎಂದೋ 'ಗೋವಿನ' ಎಂದೋ ಸೇರಿಸಿ ಕರೆದಿದ್ದೇವೆ. ಮನೆಗೆ ತಡವಾಗಿ ಬಂದ ನೆಂಟನನ್ನು ಇದ್ದವರ ಹೆಸರು ಹಿಡಿದು ಗುರುತಿಸುವ ಹಾಗೆ. ಇಷ್ಟರಿಂದಲೇ 1268ರ ಪ್ರಕರಣ ಮುಗಿಯಿತೆನ್ನಲಾಗದು. ಆದರೆ ನ್ಯಾಯಾಲಯದಲ್ಲಿ ಇಂಥ ಸಾಕ್ಷಿಯನ್ನೂ ಒಳಗೆ ಕರೆಯುತ್ತಾರೆ.

ಇಂಥ ಗಂಟುಗಳಿಗೆ ಬೇರೆ ಊರಿಗೆ ಹೋಗಬೇಕಿಲ್ಲ. ಸಿರಸಿಯ ಹತ್ತಿರ ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗಗಳಿವೆ. ಸೋದೆಯ ಅರಸ ಸದಾಶಿವರಾಯನ ಕಾಲದವೆನ್ನುತ್ತಾರೆ. ಮಳೆಗಾಲದಲ್ಲಿ ಮುಳುಗಿ ಹೋಗುವ ಹೊಳೆಯ ನಡುವೆಯೇ ಏಕೆ ಕೆತ್ತಿದರು? ವರ್ಷದ ಎಷ್ಟು ತಿಂಗಳು ಅಲ್ಲಿ ಉಳಿ ಹಿಡಿಯಲು ಸಾಧ್ಯವಿತ್ತು? ಇಷ್ಟು ವರ್ಷದ ಹೊಳೆನೀರು ಅವುಗಳನ್ನು ಎಷ್ಟು ಸವೆಸಿದೆ? ಮೂರನೆಯ ಪ್ರಶ್ನೆಗಂತೂ ಒಂದು ಅಳತೆಪಟ್ಟಿ, ಒಂದು ಕ್ಯಾಮೆರಾ ಹಿಡಿದು ಬೇಸಿಗೆಯಲ್ಲಿ ಹೋದ ಹೈಸ್ಕೂಲು ಮಕ್ಕಳು ತಾವೇ ಲೆಕ್ಕ ಶುರು ಮಾಡಬಹುದು.

ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಿಂತಿದೆ; ನಾಲ್ಕು ದಿಕ್ಕಿಗೂ ಬಾಗಿಲು. ರಾಣಿಯ ಕಾಲದ ವ್ಯಾಪಾರದ ಸದ್ದು ಅಲ್ಲಿಲ್ಲ. ಸುತ್ತಮುತ್ತ ಮರ ಹತ್ತಿರುವ ಬಳ್ಳಿಗಳನ್ನು ಮಾತ್ರ ನೋಡಬಹುದು, ಅವುಗಳಲ್ಲಿ ಯಾವುದು ಮೆಣಸಿನದೆಂದು ಎಲೆ ಉಜ್ಜಿ ಮೂಸಿ ನೋಡಬೇಕು.